ಅಂಗಡಿಯವರು ಬಿಸಾಡೋ ಜುಟ್ಟಿನಿಂದಲೇ ಮನೆಯಲ್ಲಿ ಅನಾನಸ್: ನೆಡೋದರಿಂದ ಕೊಯ್ಯೋವರೆಗೆ ಪೂರ್ತಿ ಮಾಹಿತಿ

ಶಿರಸಿ: ಬನವಾಸಿ ಅಂದ್ರೆ ಹೊರಗಿನವರಿಗೆ ಮಧುಕೇಶ್ವರ ದೇವಸ್ಥಾನ, ಕದಂಬರು, ವರದಾ ನದಿ. ವ್ಯಾಪಾರಸ್ಥರಿಗೆ ಮಾತ್ರ ಅನಾನಸ್ ಲೋಡು. ಬನವಾಸಿ ಸುತ್ತಲಿನ ಹಳ್ಳಿಗಳು, ಪಕ್ಕದ ಸೊರಬ, ಸಾಗರ ಕಡೆಯ ಗುಡ್ಡದ ಜಮೀನುಗಳಲ್ಲಿ ಎಕರೆಗಟ್ಟಲೆ ಈ ಬೆಳೆ ಇದೆ. ಹೀಗಿದ್ದೂ ಪೇಟೆಯಲ್ಲಿ ಹತ್ತು ಮನೆ ನೋಡಿದರೆ ಅಂಗಳದಲ್ಲಿ ಒಂದು ಅನಾನಸ್ ಗಿಡ ಕಾಣೋದು ಅಪರೂಪ. ಸೈಟ್ ಮನೆಯವರು "ನಮಗೆಲ್ಲಿ ಜಾಗ" ಅಂತಾರೆ. ಅಂಗಡಿಯವರು "ನೀರು ಹಾಕೋರು ಯಾರು" ಅಂತಾರೆ. ನಿಜ ಹೇಳಬೇಕಂದ್ರೆ ಜಾಗವನ್ನೂ ನೀರನ್ನೂ ಅತಿ ಕಡಿಮೆ ಕೇಳೋ ಹಣ್ಣಿನ ಗಿಡಗಳಲ್ಲಿ ಇದೂ ಒಂದು. ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಣ್ಣಿನಂಗಡಿ, ಜ್ಯೂಸ್ ಸೆಂಟರ್‌ನವರು ದಿನಾ ಕಸಕ್ಕೆ ಹಾಕೋ ಜುಟ್ಟೇ ಸಾಕು.

ಮೊದಲೇ ಒಂದು ಮಾತು. ಒಂದು ಗಿಡಕ್ಕೆ ಒಂದು ಸಲಕ್ಕೆ ಒಂದೇ ಹಣ್ಣು. ಜುಟ್ಟು ನೆಟ್ಟರೆ ಆ ಹಣ್ಣು ಕೈಗೆ ಬರೋಕೆ ಹೆಚ್ಚುಕಮ್ಮಿ ಎರಡು ವರ್ಷ ಬೇಕು. ಮೂರು ತಿಂಗಳಲ್ಲಿ ಹಣ್ಣು ಅಂತ ಮೊಬೈಲ್‌ನಲ್ಲಿ ಓಡಾಡೋ ವಿಡಿಯೋಗಳನ್ನ ನಂಬಬೇಡಿ. ಕಾಯೋ ತಾಳ್ಮೆ ಇದ್ದವರು ಮುಂದೆ ಓದಿ.

ಇದು ಎಲ್ಲಿಯ ಗಿಡ?

ಅನಾನಸ್ ನಮ್ಮ ಮೂಲದ್ದಲ್ಲ. ಇದರ ತವರು ದಕ್ಷಿಣ ಅಮೆರಿಕ, ಇವತ್ತಿನ ಬ್ರೆಜಿಲ್, ಪರಾಗ್ವೆ ಕಡೆ. 1493ರಲ್ಲಿ ಕೊಲಂಬಸ್ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ನೋಡಿದ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅನಾನಸ್ ಅನ್ನೋ ಹೆಸರು ಕೂಡ ಅಲ್ಲಿನ ಮೂಲನಿವಾಸಿಗಳ ಭಾಷೆಯದ್ದೇ. ಮೆಣಸಿನಕಾಯಿ, ಗೇರು, ಪಪ್ಪಾಯಿ ಬಂದದ್ದೂ ಇದೇ ದಾರಿಯಲ್ಲಿ.

ನಾವು ಒಂದು ಹಣ್ಣು ಅಂತ ಕೊಯ್ಯೋದು ಅಸಲಿಗೆ ಒಂದು ಹಣ್ಣಲ್ಲ. ಒಂದೇ ದಂಟಿನ ಸುತ್ತ ನೂರರಿಂದ ಇನ್ನೂರು ಸಣ್ಣ ನೇರಳೆ ಹೂವು ಬಿಟ್ಟು, ಅವೆಲ್ಲ ಒಂದಕ್ಕೊಂದು ಕೂಡಿ ಆಗೋದು ಅನಾನಸ್. ಸಿಪ್ಪೆ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು.

ಈ ಗಿಡ ಬರ ತಡೆಯೋದಕ್ಕೂ ಒಂದು ಕಾರಣ ಇದೆ. ಬಹಳಷ್ಟು ಗಿಡಗಳು ಹಗಲು ಹೊತ್ತು ಎಲೆಯ ರಂಧ್ರ ತೆರೆದು ಗಾಳಿ ತಗೊಳ್ತವೆ, ಆಗ ನೀರು ಆವಿಯಾಗಿ ಹೋಗುತ್ತೆ. ಅನಾನಸ್ ಆ ಕೆಲಸವನ್ನ ಹೆಚ್ಚಾಗಿ ರಾತ್ರಿ ಮಾಡುತ್ತೆ. ಬಿಸಿಲಲ್ಲಿ ಬಾಗಿಲು ಮುಚ್ಚಿಕೊಂಡು ಕೂರುತ್ತೆ. ಹಾಗಾಗಿ ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ, ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರೋವಾಗಲೂ ಇದು ಬದುಕುತ್ತೆ.

ಯಾವ ತಳಿ ಅಂತ ಅಂಗಡಿಯಲ್ಲೇ ಗುರುತಿಸಿ

ನಮ್ಮ ಪೇಟೆಗೆ ಬರೋದು ಮುಖ್ಯವಾಗಿ ಎರಡು ಬಗೆ.

ಕ್ಯೂ: ದೊಡ್ಡ ಹಣ್ಣು, ಒಂದೂವರೆಯಿಂದ ಎರಡೂವರೆ ಕೆ.ಜಿ. ತೂಗುತ್ತೆ. ತಿರುಳು ತಿಳಿ ಹಳದಿ, ರಸ ಜಾಸ್ತಿ, ಕಣ್ಣು ಅಗಲ ಮತ್ತು ಚಪ್ಪಟೆ. ಎಲೆಯ ತುದಿ ಹತ್ತಿರ ಬಿಟ್ಟರೆ ಮುಳ್ಳು ಕಡಿಮೆ.

ಕ್ವೀನ್, ಮಾರಿಷಸ್: ಚಿಕ್ಕ ಹಣ್ಣು, ಒಂದರಿಂದ ಒಂದೂವರೆ ಕೆ.ಜಿ. ಬಂಗಾರದ ಬಣ್ಣದ ತಿರುಳು, ಪರಿಮಳ ಜೋರು, ಸಿಹಿ ಹೆಚ್ಚು, ಕಣ್ಣು ಆಳ. ಎಲೆಯ ಅಂಚಿನುದ್ದಕ್ಕೂ ಗರಗಸದ ಹಾಗೆ ಮುಳ್ಳು. ಕೇರಳದಲ್ಲಿ 2009ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ) ಪಡೆದ ವಾಳಕ್ಕುಳಂ ಅನಾನಸ್ ಮಾರಿಷಸ್ ತಳಿಯೇ.

ಜುಟ್ಟಿನ ಎಲೆ ಮೇಲೆ ಬೆರಳು ಸವರಿ ನೋಡಿ. ಉದ್ದಕ್ಕೂ ಮುಳ್ಳು ಸಿಕ್ಕರೆ ಕ್ವೀನ್ ಅಥವಾ ಮಾರಿಷಸ್, ನುಣುಪಾಗಿದ್ದರೆ ಕ್ಯೂ. ಸಣ್ಣ ಮಕ್ಕಳಿರೋ ಮನೆಗೆ, ಗಿರಾಕಿ ಓಡಾಡೋ ಅಂಗಡಿ ಮುಂದೆ ಇಡೋದಕ್ಕೆ ಕ್ಯೂ ವಾಸಿ. ಬೇಲಿ ಬದಿಗೆ, ದರೆ ಅಂಚಿಗೆ ಮುಳ್ಳಿನದ್ದು ಹಾಕಿದರೆ ದನ ನುಗ್ಗೋದೂ ಸ್ವಲ್ಪ ಕಡಿಮೆ ಆಗುತ್ತೆ.

ಜುಟ್ಟೋ, ಕಂದೋ?

ಅನಾನಸ್‌ಗೆ ಬೀಜ ಹಾಕಿ ಯಾರೂ ಬೆಳೆಯಲ್ಲ. ನೆಡೋಕೆ ಮೂರು ಭಾಗ ಬರುತ್ತೆ.

1. ಗಿಡದ ಬುಡದಿಂದ, ಎಲೆಗಳ ಸಂದಿಯಿಂದ ಏಳೋ ಕಂದು. ಅರ್ಧ ಕೆ.ಜಿ.ಯಿಂದ ಮುಕ್ಕಾಲು ಕೆ.ಜಿ. ತೂಗೋದು ಒಳ್ಳೇದು. ಇದರಲ್ಲಿ ಬೇಗ ಹೂವು, ಸುಮಾರು ಒಂದು ವರ್ಷಕ್ಕೆ.

2. ಹಣ್ಣಿನ ತೊಟ್ಟಿನ ಹತ್ತಿರ ಹುಟ್ಟೋ ಸಣ್ಣ ಮರಿ. 300ರಿಂದ 400 ಗ್ರಾಂ ಇದ್ದರೆ ಸಾಕು. ಕಂದಿಗಿಂತ ಸ್ವಲ್ಪ ತಡ.

3. ಹಣ್ಣಿನ ತಲೆ ಮೇಲಿನ ಜುಟ್ಟು. ಇದು ಎಲ್ಲಕ್ಕಿಂತ ನಿಧಾನ. ಹೂವಿಗೇ ಒಂದೂವರೆ ವರ್ಷ ಅಥವಾ ಮೇಲೆ, ಅದಾಗಿ ಹಣ್ಣಿಗೆ ಐದಾರು ತಿಂಗಳು.

ಪರಿಚಯದ ಬೆಳೆಗಾರರಿದ್ದರೆ ನಾಲ್ಕು ಕಂದು ಕೇಳಿ ತನ್ನಿ, ಸಾಕಷ್ಟು ಸಮಯ ಉಳಿಯುತ್ತೆ. ಯಾರೂ ಇಲ್ಲದಿದ್ದರೆ ಜುಟ್ಟು ಇದ್ದೇ ಇದೆ. ಹಣ್ಣಿನಂಗಡಿಯವರಿಗೆ ಒಂದು ವಿನಂತಿ: ಜುಟ್ಟನ್ನ ಕತ್ತಿಯಲ್ಲಿ ಅಡ್ಡಕ್ಕೆ ಕಡಿದು ಬಿಸಾಡೋ ಬದಲು ಕೈಯಲ್ಲಿ ತಿರುವಿ ಕಿತ್ತರೆ ಬುಡ ಸಮೇತ ಬರುತ್ತೆ, ಅದು ಬದುಕುತ್ತೆ. ಕೇಳಿದ ಗಿರಾಕಿಗೆ ಹಾಗೇ ಕೊಡಿ. ನಿಮ್ಮ ಕಸದ ಬುಟ್ಟಿಯೂ ಅಷ್ಟು ಹಗುರ.

ಜುಟ್ಟು ನೆಡೋ ಕ್ರಮ

ಜುಟ್ಟು ಆರಿಸುವಾಗ ನಡುವಿನ ಎಲೆ ಹಸಿರಾಗಿ ಗಟ್ಟಿಯಾಗಿರಬೇಕು. ನಡುಎಲೆ ಎಳೆದರೆ ಕಿತ್ತು ಬಂತು ಅಂದ್ರೆ ಒಳಗೆ ಕೊಳೆತಿದೆ, ಬೇಡ. ತುಂಬಾ ದಿನ ಫ್ರಿಜ್‌ನಲ್ಲಿಟ್ಟ ಹಣ್ಣಿನ ಜುಟ್ಟೂ ಸರಿಯಾಗಿ ಬರಲ್ಲ.

ಕಿತ್ತ ಮೇಲೆ ಬುಡಕ್ಕೆ ಅಂಟಿದ ಹಣ್ಣಿನ ತಿರುಳನ್ನ ಪೂರ್ತಿ ತೆಗೀರಿ. ಇದು ಉಳಿದರೆ ಕೊಳೆತು ಇರುವೆ ಮುತ್ತುತ್ತವೆ. ಕೆಳಗಿನ ಸಣ್ಣ ಎಲೆಗಳನ್ನ ಒಂದೊಂದಾಗಿ ಕೆಳಮುಖವಾಗಿ ಸುಲಿಯಿರಿ, ಒಂದರಿಂದ ಒಂದೂವರೆ ಇಂಚು ದಂಟು ಕಾಣಬೇಕು. ದಂಟಿನ ಮೇಲೆ ಸಣ್ಣ ಕಂದು ಬಣ್ಣದ ಚುಕ್ಕಿ ಕಾಣುತ್ತೆ, ಬೇರು ಒಡೆಯೋದು ಅಲ್ಲಿಂದಲೇ.

ಇನ್ನು ಬಹಳ ಜನ ಬಿಟ್ಟುಬಿಡೋ ಕೆಲಸ: ಒಣಗಿಸೋದು. ಸುಲಿದ ಜುಟ್ಟನ್ನ ನೆರಳಲ್ಲಿ ನಾಲ್ಕರಿಂದ ಏಳು ದಿನ ಹಾಗೇ ಇಡಿ. ಗಾಯ ಒಣಗಿ ಗಟ್ಟಿಯಾಗಬೇಕು. ಹಸಿ ಗಾಯದ ಜುಟ್ಟನ್ನ ಒದ್ದೆ ಮಣ್ಣಿಗೆ ಚುಚ್ಚಿದರೆ ಕೊಳೆಯೋ ಸಾಧ್ಯತೆಯೇ ಜಾಸ್ತಿ.

ಆಮೇಲೆ ಒಂದೂವರೆಯಿಂದ ಎರಡು ಇಂಚು ಆಳಕ್ಕೆ ನೆಟ್ಟು ಸುತ್ತ ಮಣ್ಣು ಒತ್ತಿ. ನಡುವಿನ ಸುಳಿಗೆ ಮಣ್ಣು ಬೀಳಬಾರದು. ಬೇರು ಹಿಡಿಯೋವರೆಗೆ, ಅಂದ್ರೆ ಮೂರು ನಾಲ್ಕು ವಾರ, ಬೆಳಗಿನ ಬಿಸಿಲು ಮಾತ್ರ ಬೀಳೋ ಜಾಗದಲ್ಲಿಡಿ. ಮೆಲ್ಲಗೆ ಎಳೆದು ನೋಡಿದಾಗ ಅಲುಗದಿದ್ದರೆ ಬೇರು ಬಂದಿದೆ ಅಂತ ಅರ್ಥ. ಮಧ್ಯದಲ್ಲಿ ಕಿತ್ತು ಕಿತ್ತು ನೋಡಬೇಡಿ. ಕೆಲವರು ಲೋಟದ ನೀರಲ್ಲಿಟ್ಟು ಬೇರು ಬರಿಸ್ತಾರೆ, ಅದೂ ಆಗುತ್ತೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು ಅಷ್ಟೇ.

ನಮ್ಮ ಕಡೆ ನೆಡೋಕೆ ಒಳ್ಳೆ ಕಾಲ ಏಪ್ರಿಲ್-ಮೇ, ಇಲ್ಲವೇ ಮಳೆ ಇಳಿದ ಮೇಲೆ ಆಗಸ್ಟ್ ಕೊನೆ, ಸೆಪ್ಟೆಂಬರ್. ಜೂನ್-ಜುಲೈನ ಜಡಿಮಳೆಯಲ್ಲಿ ಹೊಸ ಜುಟ್ಟು ನೆಡೋದು ಬೇಡ.

ಕುಂಡ, ಮಣ್ಣು

ಬೇರು ಆಳಕ್ಕೆ ಇಳಿಯಲ್ಲ, ಮೇಲ್ಮಣ್ಣಲ್ಲೇ ಹರಡುತ್ತೆ. ಹಾಗಾಗಿ ಆಳಕ್ಕಿಂತ ಅಗಲ ಮುಖ್ಯ. ಬಾಯಿ 12ರಿಂದ 14 ಇಂಚು ಇರೋ ಕುಂಡ, ಗ್ರೋ ಬ್ಯಾಗ್, 20 ಲೀಟರ್ ಪೇಂಟ್ ಡಬ್ಬಿ ಯಾವುದಾದರೂ ಆಗುತ್ತೆ. ತಳದಲ್ಲಿ ಐದಾರು ತೂತು ಇರಲೇಬೇಕು. ಪೇಂಟ್ ಡಬ್ಬಿಯಾದರೆ ಒಳಗಿನ ಪೇಂಟ್ ಪೂರ್ತಿ ಕೆರೆದು ತೊಳೆಯಿರಿ.

ಮಣ್ಣಿನ ಲೆಕ್ಕ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ತಳದಲ್ಲಿ ಒಡೆದ ಹಂಚಿನ ಚೂರು ಎರಡು ಇಂಚು ಹಾಕಿ. ಮರಳು ಸಿಗದಿದ್ದರೆ ತೆಂಗಿನ ನಾರಿನ ಪುಡಿ ಆಗುತ್ತೆ.

ಅನಾನಸ್‌ಗೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6 ಇದ್ದರೆ ಚೆಂದ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಸಹಜವಾಗೇ ಹುಳಿ, ಅದಕ್ಕೇ ಇಲ್ಲಿ ಒಗ್ಗಿದೆ. ಹಾಗಾಗಿ ಒಲೆ ಬೂದಿ, ಸುಣ್ಣ, ಮೊಟ್ಟೆ ಸಿಪ್ಪೆ ತಂದು ಸುರೀಬೇಡಿ. ಬೇರೆ ಗಿಡಕ್ಕೆ ಅದು ಒಳ್ಳೇದಿರಬಹುದು, ಇದಕ್ಕೆ ಅಲ್ಲ. ಮಣ್ಣು ಕ್ಷಾರವಾದರೆ ಗಿಡಕ್ಕೆ ಕಬ್ಬಿಣದಂಶ ಸಿಗದೆ ಹೊಸ ಎಲೆಗಳು ಹಳದಿ ಆಗ್ತವೆ. ಬಯಲು ಸೀಮೆ ಕಡೆ ಗಡಸು ಬೋರ್‌ವೆಲ್ ನೀರು ಹಾಕೋರಿಗೂ ಇದೇ ತೊಂದರೆ ಬರುತ್ತೆ. ಅಂಥವರು ಸಾಧ್ಯವಾದಷ್ಟು ಮಳೆನೀರು ಹಿಡಿದಿಟ್ಟು ಹಾಕಿ.

ನೆಲದಲ್ಲೇ ಹಾಕೋರು ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ. ಹೊಲದಲ್ಲಿ ಒಂದಡಿಗೆ ಒಂದರಂತೆ ಜೋಡಿ ಸಾಲಲ್ಲಿ ಒತ್ತೊತ್ತಾಗಿ ನೆಡ್ತಾರೆ, ಎಕರೆಗೆ 17 ಸಾವಿರ ಚಿಲ್ಲರೆ ಗಿಡ ಹಿಡಿಸ್ತಾರೆ. ಮನೆಯಲ್ಲಿ ಕೈ ಹಾಕಿ ಕಳೆ ತೆಗೀಬೇಕಲ್ಲ, ಮುಳ್ಳು ಗೀರುತ್ತೆ, ಅದಕ್ಕೆ ಅಂತರ ಇರಲಿ. ನೆಲ ತಗ್ಗಾಗಿದ್ದರೆ ಮಣ್ಣು ಏರಿಸಿ ಮಡಿ ಮಾಡಿಯೇ ನೆಡಿ.

ಬಿಸಿಲು, ನೀರು, ಗೊಬ್ಬರ

ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕರೆ ಒಳ್ಳೆಯದು. ನೆರಳಲ್ಲಿ ಗಿಡ ಬದುಕುತ್ತೆ, ಎಲೆ ಉದ್ದ ಆಗುತ್ತೆ, ಹಣ್ಣು ಸಣ್ಣದಾಗುತ್ತೆ. ಆರ್‌ಸಿಸಿ ಮನೆಯ ತಾರಸಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ನೀರು ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಚಳಿಗಾಲದಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಬೇಡವೇ ಬೇಡ. ಬೆರಳು ಒಂದಿಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಅನಾನಸ್ ನೀರಿಲ್ಲದೆ ಸಾಯೋದಕ್ಕಿಂತ ನೀರು ಜಾಸ್ತಿಯಾಗಿ ಸಾಯೋದೇ ಹೆಚ್ಚು.

ಗೊಬ್ಬರದ ವಿಷಯದಲ್ಲಿ ಹೊಲಕ್ಕೆ ಹೇಳೋ ಲೆಕ್ಕ ವರ್ಷಕ್ಕೆ ಗಿಡವೊಂದಕ್ಕೆ 12 ಗ್ರಾಂ ಸಾರಜನಕ, 4 ಗ್ರಾಂ ರಂಜಕ, 12 ಗ್ರಾಂ ಪೊಟ್ಯಾಶ್. ಅಂದ್ರೆ ಸುಮಾರು 26 ಗ್ರಾಂ ಯೂರಿಯಾ, 25 ಗ್ರಾಂ ಸೂಪರ್ ಫಾಸ್ಫೇಟ್, 20 ಗ್ರಾಂ ಮ್ಯುರೇಟ್ ಆಫ್ ಪೊಟ್ಯಾಶ್. ಕುಂಡಕ್ಕೆ ಇದರ ಅರ್ಧ ಸಾಕು, ಅದನ್ನೂ ವರ್ಷದಲ್ಲಿ ನಾಲ್ಕಾರು ಕಂತು ಮಾಡಿ ಬುಡದಿಂದ ಸ್ವಲ್ಪ ದೂರ ಹಾಕಿ. ರಾಸಾಯನಿಕ ಬೇಡ ಅನ್ನೋರು ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಗೊಬ್ಬರದ ಕಾಳು ನಡು ಸುಳಿಗೆ ಬಿದ್ದರೆ ಸುಟ್ಟು ಹೋಗುತ್ತೆ, ಜಾಗ್ರತೆ.

ಸೊಳ್ಳೆ ವಿಷಯ: ಇದನ್ನ ದಾಟಿ ಹೋಗಬೇಡಿ

ಅನಾನಸ್ ಎಲೆಗಳ ಬುಡ ಬಟ್ಟಲಿನ ಥರ ಇರುತ್ತೆ, ಅಲ್ಲಿ ನೀರು ನಿಲ್ಲುತ್ತೆ. ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು, ಮೊಟ್ಟೆ ಇಡುತ್ತೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರೂ ಅಷ್ಟೇ ಅಪಾಯ. 2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಹೇಗೆ ಹಬ್ಬಿತ್ತು ಅಂತ ಎಲ್ಲರಿಗೂ ನೆನಪಿದೆ. ಆ ವರ್ಷವೇ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆ, ಅಂಗಡಿಗಳಿಗೆ ದಂಡ ಹಾಕೋ ನಿಯಮ ತಂತು.

ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು ಏಳರಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಅವತ್ತು ಪೈಪ್‌ನಲ್ಲಿ ಜೋರಾಗಿ ನೀರು ಬಿಟ್ಟು ಎಲೆ ಸಂದಿಯ ಹಳೆ ನೀರನ್ನ ಹೊರಗೆ ಹಾರಿಸಿ, ಇಲ್ಲವೇ ಕುಂಡವನ್ನೇ ಬಗ್ಗಿಸಿ ಚೆಲ್ಲಿ. ಕುಂಡದ ಕೆಳಗೆ ತಟ್ಟೆ ಇಡಲೇಬೇಡಿ, ಎರಡು ಇಟ್ಟಿಗೆ ಮೇಲೆ ಕೂರಿಸಿ. ಸೀಮೆಎಣ್ಣೆ ಸುರಿಯೋದು ಬೇಡ, ಗಿಡ ಸಾಯುತ್ತೆ. ಮಳೆ ಬಿಟ್ಟು ಬಿಸಿಲು ಬೀಳೋ ವಾರಗಳಲ್ಲಿ ಹೆಚ್ಚು ಗಮನ ಇರಲಿ. ವಾರಕ್ಕೊಮ್ಮೆ ಇಷ್ಟು ಮಾಡೋಕೆ ಆಗಲ್ಲ ಅನ್ನೋರು ಮನೆ ಬಾಗಿಲ ಹತ್ತಿರ ಈ ಗಿಡ ಇಡದಿರೋದೇ ಒಳ್ಳೇದು. ನಿಮ್ಮೊಬ್ಬರ ಮನೆ ಮಾತಲ್ಲ ಇದು, ಪಕ್ಕದ ಮನೆ ಮಗುವಿನ ಮಾತೂ ಹೌದು.

ಹೂವು ಬರ್ತಿಲ್ಲ ಅಂದ್ರೆ?

ಚಳಿಗಾಲದ ತಂಪು ರಾತ್ರಿ, ಸಣ್ಣ ಹಗಲು ಬಂದಾಗ ಬಲಿತ ಗಿಡ ತಾನಾಗೇ ಹೂವಿಗೆ ತಿರುಗುತ್ತೆ. ನಡುವಿನ ಸುಳಿ ಕೆಂಪಗಾಗೋದೇ ಮೊದಲ ಗುರುತು. ಗಿಡದಲ್ಲಿ 35ರಿಂದ 40 ಎಲೆ ಆಗೋವರೆಗೆ ಅವಸರ ಮಾಡಬೇಡಿ.

ಹೊಲದಲ್ಲಿ ಎಲ್ಲ ಗಿಡ ಒಟ್ಟಿಗೆ ಹೂ ಬಿಡಲಿ ಅಂತ ಬೆಳೆಗಾರರು ಎಥೆಫಾನ್ ದ್ರಾವಣ ಸುಳಿಗೆ ಹಾಕ್ತಾರೆ. ಇದರ ಹಿಂದಿನ ವಿಷಯ ಸ್ವಾರಸ್ಯ ಇದೆ. ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳಲ್ಲಿ ಗಾಜಿನ ಮನೆಯೊಳಗೆ ಅನಾನಸ್ ಬೆಳೆಯೋರು ಹೊಗೆ ತಾಗಿದ ಗಿಡ ಬೇಗ ಹೂ ಬಿಡೋದನ್ನ ಗಮನಿಸಿದ್ದರು. ಹೊಗೆಯಲ್ಲಿರೋ ಎಥಿಲೀನ್ ಅನಿಲ ಆ ಕೆಲಸ ಮಾಡ್ತಿತ್ತು. ಎಥೆಫಾನ್‌ನಿಂದ ಬಿಡುಗಡೆ ಆಗೋದೂ ಅದೇ ಅನಿಲ.

ಎರಡು ಮೂರು ಗಿಡಕ್ಕೆ ಔಷಧಿ ಬಾಟ್ಲಿ ತರೋ ಅಗತ್ಯ ಇಲ್ಲ. ಮಾಗಿದ ಸೇಬು, ಬಾಳೆಹಣ್ಣು ಕೂಡ ಎಥಿಲೀನ್ ಬಿಡ್ತವೆ. ಬಲಿತ ಗಿಡದ ಬುಡದಲ್ಲಿ ಒಂದೆರಡು ಮಾಗಿದ ಹಣ್ಣಿಟ್ಟು, ಇಡೀ ಗಿಡಕ್ಕೆ ಪ್ಲಾಸ್ಟಿಕ್ ಕವರ್ ಮುಚ್ಚಿ, ನೆರಳಲ್ಲಿ ನಾಲ್ಕೈದು ದಿನ ಇಡಿ. ಬಿಸಿಲಲ್ಲಿಟ್ಟರೆ ಒಳಗೆ ಬೆಂದು ಹೋಗುತ್ತೆ. ಆಮೇಲೆ ತೆಗೆದು ಒಂದೂವರೆ ಎರಡು ತಿಂಗಳು ಕಾಯಿರಿ. ಕೆಲವರು ಕಾರ್ಬೈಡ್ ಕಲ್ಲು ಹಾಕಿ ಅಂತ ಹೇಳ್ತಾರೆ. ಅದು ನೀರು ಸೇರಿದರೆ ಬೆಂಕಿ ಹೊತ್ತಿಕೊಳ್ಳೋ ಅನಿಲ ಬಿಡುತ್ತೆ, ಮನೆಯೊಳಗೆ ತರಲೇಬೇಡಿ. ಹಣ್ಣು ಮಾಗಿಸೋಕೆ ಅದನ್ನ ಬಳಸೋದು ಕಾನೂನು ಪ್ರಕಾರ ನಿಷೇಧ, ವ್ಯಾಪಾರಸ್ಥರು ಇದನ್ನ ನೆನಪಿಡಿ.

ಕೀಟ, ರೋಗ, ಮಂಗ

ಹಿಟ್ಟು ತಿಗಣೆ: ಎಲೆ ಬುಡದಲ್ಲಿ ಬಿಳಿ ಹಿಟ್ಟು ಮೆತ್ತಿದ ಹಾಗೆ ಕಾಣುತ್ತೆ. ಎಲೆ ಕೆಂಪಾಗಿ ತುದಿಯಿಂದ ಒಣಗುತ್ತೆ. ಇದನ್ನ ಗಿಡದಿಂದ ಗಿಡಕ್ಕೆ ಹೊತ್ತು ಹಾಕೋದು ಇರುವೆ. ಮೊದಲು ಇರುವೆ ದಾರಿ ತಪ್ಪಿಸಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ.

ಸುಳಿ ಕೊಳೆ: ಮಳೆಗಾಲದಲ್ಲಿ ನೀರು ನಿಂತರೆ ಬರುತ್ತೆ. ನಡುಎಲೆ ಎಳೆದರೆ ಕೆಟ್ಟ ವಾಸನೆ ಸಮೇತ ಕಿತ್ತು ಬರುತ್ತೆ. ಅಂಥ ಗಿಡ ಕಿತ್ತು ದೂರ ಹಾಕಿ, ಆ ಮಣ್ಣಲ್ಲಿ ಮತ್ತೆ ಅನಾನಸ್ ನೆಡಬೇಡಿ.

ಬಿಸಿಲ ಸುಡು: ಮಾರ್ಚ್‌ನಿಂದ ಮೇವರೆಗೆ ಹಣ್ಣಿನ ಒಂದು ಬದಿ ಬಿಸಿಲಿಗೆ ಬೆಂದು ಕೊಳೆಯುತ್ತೆ. ಒಣಹುಲ್ಲು ಮುಚ್ಚಿ, ಇಲ್ಲವೇ ಅದೇ ಗಿಡದ ಎಲೆಗಳನ್ನ ಮೇಲಕ್ಕೆತ್ತಿ ಹಣ್ಣಿನ ಮೇಲೆ ಸಡಿಲವಾಗಿ ಕಟ್ಟಿ.

ಮಂಗ: ಇದಕ್ಕೆ ಪೂರ್ತಿ ಪರಿಹಾರ ಹೇಳ್ತೀನಿ ಅಂದ್ರೆ ಮಲೆನಾಡಲ್ಲಿ ಯಾರೂ ನಂಬಲ್ಲ. ಕಾಯಿ ಹಳದಿ ತಿರುಗೋ ಮೊದಲೇ ಕಬ್ಬಿಣದ ಜಾಲರಿ ಬುಟ್ಟಿ ಮುಚ್ಚಿ ತಂತಿಯಲ್ಲಿ ಬಿಗಿಯಿರಿ. ಕುಂಡದ್ದಾದರೆ ಕೊನೆ ಎರಡು ವಾರ ಗ್ರಿಲ್ ಒಳಗೆ ತಂದಿಡಿ. ಕುಂಡದ ದೊಡ್ಡ ಅನುಕೂಲ ಇದೇ.

ಯಾವಾಗ ಕೊಯ್ಯಬೇಕು?

ಅನಾನಸ್ ಬುಡದಿಂದ ಮೇಲಕ್ಕೆ ಹಣ್ಣಾಗುತ್ತೆ. ಕಣ್ಣು ಉಬ್ಬು ಇಳಿದು ಚಪ್ಪಟೆಯಾಗಿ, ಬುಡದ ಮೂರನೇ ಒಂದು ಭಾಗ ಹಳದಿಯಾಗಿ, ಹತ್ತಿರ ಹೋದರೆ ಪರಿಮಳ ಬಂದರೆ ಸಮಯ ಆಯ್ತು. ಎರಡು ಇಂಚು ದಂಟು ಬಿಟ್ಟು ಕತ್ತಿಯಲ್ಲಿ ಕೊಯ್ಯಿರಿ.

ಬಾಳೆ, ಮಾವಿನ ಹಾಗೆ ಅನಾನಸ್ ಕೊಯ್ದ ಮೇಲೆ ಸಿಹಿಯಾಗಲ್ಲ. ಬಣ್ಣ ಬರುತ್ತೆ, ಮೆತ್ತಗಾಗುತ್ತೆ, ಸಕ್ಕರೆ ಏರಲ್ಲ. ದೂರದೂರಿಗೆ ಕಳಿಸೋ ಹಣ್ಣನ್ನ ಹಸಿರಿದ್ದಾಗಲೇ ಕೊಯ್ಯಲೇಬೇಕು, ಇಲ್ಲಾಂದ್ರೆ ಲಾರಿಯಲ್ಲೇ ಕೊಳೆಯುತ್ತೆ. ಮನೆ ಗಿಡದ ಹಣ್ಣು ಯಾಕೆ ರುಚಿ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಗಿಡದಲ್ಲೇ ಪೂರ್ತಿ ಮಾಗೋಕೆ ಬಿಡೋ ಅವಕಾಶ ನಿಮಗೆ ಮಾತ್ರ ಇರೋದು.

ತಿಂದಾಗ ನಾಲಿಗೆ ಉರಿಯೋದು ಹಣ್ಣಿನಲ್ಲಿರೋ ಬ್ರೋಮಲೇನ್ ಅನ್ನೋ ಕಿಣ್ವದಿಂದ, ಕಾಯಿಯಲ್ಲಿ ಅದು ಇನ್ನೂ ಹೆಚ್ಚು ಚುಚ್ಚುತ್ತೆ. ಹಸಿ ಅನಾನಸ್ ಹಾಲಿಗೆ ಹಾಕಿಟ್ಟರೆ ಕಹಿಯಾಗೋದೂ ಇದರಿಂದಲೇ. ಬೇಯಿಸಿದರೆ ಆ ಗುಣ ಹೋಗುತ್ತೆ. ಸಾಸ್ಮೆ, ಗೊಜ್ಜು, ಕೇಸರಿಬಾತ್ ಮಾಡೋರಿಗೆ, ಮಿಲ್ಕ್‌ಶೇಕ್ ಮಾಡೋ ಅಂಗಡಿಯವರಿಗೆ ಇದು ತಿಳಿದಿರಲಿ.

ಹಣ್ಣು ಕೊಯ್ದ ಮೇಲೆ ಗಿಡ ಕೀಳಬೇಡಿ. ಬುಡದಲ್ಲಿ ಕಂದು ಏಳುತ್ತೆ. ಗಟ್ಟಿಯಾದ ಒಂದನ್ನ ಅಲ್ಲೇ ಬಿಟ್ಟರೆ ಅದರಲ್ಲಿ ಮುಂದಿನ ಹಣ್ಣು, ಮೊದಲಿನದ್ದಕ್ಕಿಂತ ಬೇಗ. ಉಳಿದದ್ದು ಬೇರೆ ಕುಂಡಕ್ಕೆ ಅಥವಾ ಪಕ್ಕದ ಮನೆಯವರಿಗೆ.

ಕೊನೆಗೊಂದು ಲೆಕ್ಕ

ಮನೆಯಲ್ಲಿ ನಾಲ್ಕು ಕುಂಡ ಇಟ್ಟರೆ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಸೀಸನ್‌ನಲ್ಲಿ ಮಾರುಕಟ್ಟೆಯ ಹಣ್ಣೇ ಅಗ್ಗ. ಆ ಅಗ್ಗದ ಹಿಂದೆ ಬೆಳೆಗಾರನ ಒಂದೂವರೆ ವರ್ಷದ ಖರ್ಚು ಇದೆ. 2020ರ ಲಾಕ್‌ಡೌನ್ ಬಂದಾಗ ಬನವಾಸಿ ಭಾಗದಲ್ಲಿ ಕೊಯ್ಲಿನ ಸಮಯ. ಲಾರಿ ಓಡಲಿಲ್ಲ, ಹೊರರಾಜ್ಯದ ಮಾರುಕಟ್ಟೆ ಮುಚ್ಚಿತ್ತು, ಹಣ್ಣು ಹೊಲದಲ್ಲೇ ಕೊಳೆಯಿತು. ಗೋಡೌನ್‌ನಲ್ಲಿ ಇಟ್ಟು ದರ ಬಂದಾಗ ಮಾರೋಕೆ ಇದು ಅಡಿಕೆ ಅಲ್ಲ.

ಎರಡು ವರ್ಷ ಒಂದು ಗಿಡ ಕಾದು ಒಂದು ಹಣ್ಣು ಕೊಯ್ದವರಿಗೆ, ರಸ್ತೆ ಬದಿ ಗಾಡಿಯಲ್ಲಿ ಚೌಕಾಸಿ ಮಾಡೋವಾಗ ಬಾಯಿ ಸ್ವಲ್ಪ ತಡೆಯುತ್ತೆ. ಮನೆಯಲ್ಲಿ ಎರಡು ಕುಂಡ ಇಡಿ, ಉಳಿದ ಹಣ್ಣು ನಮ್ಮ ತಾಲೂಕಿನ ಬೆಳೆಗಾರರಿಂದಲೇ ಕೊಳ್ಳಿ.

ಗಿಡಕ್ಕೆ ರೋಗ ಬಂದು ಗುರುತು ಸಿಗದಿದ್ದರೆ ಒಂದು ಎಲೆ ಕಿತ್ತು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ತಾಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಹೋಗಿ ತೋರಿಸಿ. ಶಿರಸಿಯವರಿಗೆ ಊರಲ್ಲೇ ತೋಟಗಾರಿಕೆ ಕಾಲೇಜು ಇದೆ, ಅಲ್ಲಿಯೂ ವಿಚಾರಿಸಬಹುದು.